ಹಂದಿಗಳು ಬಾಲ ಕಚ್ಚಿಕೊಂಡರೆ ಬಾಲ ಕತ್ತರಿಸಬೇಕೇ?

ಪ್ರಶ್ನೆ: ಹೆಸರಘಟ್ಟದ ಸಮೀಪ ಸಿಮೆಂಟು ನೆಲದ ಶೆಡ್ಡಿನಲ್ಲಿ ಯಾರ್ಕ್‌ಷೈರ್ ಹಂದಿಗಳನ್ನು ಸಾಕಿದ್ದೇನೆ. ಹೋಟೆಲುಗಳ ಮುಸುರೆಯೇ ಮುಖ್ಯ ಆಹಾರ. ಬೇಸಿಗೆ ಶುರುವಾದಾಗಿನಿಂದ ಒಂದರ ಬಾಲವನ್ನು ಇನ್ನೊಂದು ರಕ್ತ ಬರುವಂತೆ ಕಚ್ಚುತ್ತಿದೆ. ಮುಂದಿನ ಸೂಲಿನ ಮರಿಗಳ ಬಾಲವನ್ನು ಹುಟ್ಟಿದ ಕೂಡಲೇ ಕತ್ತರಿಸಿಬಿಡಿ ಎಂದು ಪರಿಚಿತರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕತ್ತರಿಸಬೇಡಿ. ಬಾಲ ಮೋಟಾದರೆ ಕಚ್ಚಾಟ ಕಡಿಮೆಯಾಗುವುದು ನಿಜವಾದರೂ ಅದಕ್ಕೆ ಕಾರಣವಾದದ್ದು ಶೆಡ್ಡಿನಲ್ಲಿ ಹಾಗೆಯೇ ಉಳಿಯುತ್ತದೆ, ಮರಿಗೆ ನೋವು ಮಾತ್ರ ಹೆಚ್ಚುವರಿಯಾಗಿ ಸಿಗುತ್ತದೆ. ಪ್ರಾಣಿಗಳ ಅಂಗ ಊನಗೊಳಿಸುವುದನ್ನು ಅಪರಾಧವೆನ್ನುವ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯು ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ಇವುಗಳಿಗೆ ವಿನಾಯಿತಿ ಕೊಟ್ಟಿದೆ. ಆ ಸಾಲಿನಲ್ಲಿ ಬಾಲದ ಹೆಸರಿಲ್ಲ. ಐರೋಪ್ಯ ಒಕ್ಕೂಟವೂ 2008ರ ನಿರ್ದೇಶನದಲ್ಲಿ, ಮೊದಲು ಕೊಟ್ಟಿಗೆಯ ಸ್ಥಿತಿ ಮತ್ತು ದಟ್ಟಣೆಯನ್ನು ಸರಿಪಡಿಸದೆ ವಾಡಿಕೆಯಾಗಿ ಬಾಲ ಕತ್ತರಿಸಕೂಡದು ಎಂದಿದೆ.

ಎಚ್ಚರವಿರುವಾಗ ಹೆಚ್ಚು ಹೊತ್ತು ಮೂತಿಯಿಂದ ನೆಲ ಕೆದಕಿ, ಬೇರು ಅಗಿದು ಕಳೆಯುವ ಪ್ರಾಣಿಗೆ ನಿಮ್ಮ ಸಿಮೆಂಟು ನೆಲದಲ್ಲಿ ಕೆದಕಲು ಸಿಗುವುದೇನು? ಎದುರಿಗೆ ಅಲ್ಲಾಡುವ ಬಾಲವೊಂದೇ. ಮೊದಮೊದಲು ಸುಮ್ಮನೆ ಬಾಯಾಡಿಸುತ್ತದೆ. ಒಮ್ಮೆ ರಕ್ತ ಕಂಡಿತೆಂದರೆ ಉಳಿದವೂ ಮುಗಿಬೀಳುತ್ತವೆ. ಭತ್ತದ ಹುಲ್ಲನ್ನೋ ರಾಗಿ ಹುಲ್ಲನ್ನೋ ದಿನಕ್ಕೆರಡು ಸಲ ಸ್ವಲ್ಪಸ್ವಲ್ಪವಾಗಿ ಹೊಸದಾಗಿ ಹಾಕಿ, ಏಕೆಂದರೆ ಸಗಣಿ ಮೆತ್ತಿದ ಹುಲ್ಲನ್ನು ಹಂದಿ ಮುಟ್ಟುವುದಿಲ್ಲ. ಚರಂಡಿ ಕಟ್ಟಿಕೊಳ್ಳುವ ಭಯವಿದ್ದರೆ ಗೋಡೆಗೆ ಕಬ್ಬಿಣದ ಜಾಲರಿ ಬಿಗಿದು ಅದರಲ್ಲಿ ತುರುಕಿಡಿ. ಸರಪಳಿ, ಹಳೆಯ ಟೈರು ನೇತುಹಾಕುವವರಿದ್ದಾರೆ, ಆದರೆ ಅಗಿದರೆ ಚೂರಾಗದ, ತಿನ್ನಲಾಗದ ವಸ್ತು ಹಂದಿಗೆ ಬೇಗ ಬೇಸರವಾಗುತ್ತದೆ.

ಬೇಸಿಗೆಯಲ್ಲೇ ಶುರುವಾಯಿತೆಂದಿದ್ದೀರಿ. ಹಂದಿ ಬೆವರಿ ಮೈ ತಣಿಸಿಕೊಳ್ಳಲಾರದು. ತಗಡಿನ ಚಾವಣಿಯಡಿ ಕಾವೂ ಗಂಜಲದ ಘಾಟೂ ಸೇರಿದರೆ ಅದರ ಸಹನೆ ಕೆಡುತ್ತದೆ. ಮಧ್ಯಾಹ್ನ ಮೈಮೇಲೆ ನೀರು ಚಿಮುಕಿಸಿ, ಗಾಳಿಯಾಡುವಂತೆ ಮಾಡಿ, ಗುಂಪನ್ನು ಚಿಕ್ಕದು ಮಾಡಿ. ಮುಸುರೆಯಲ್ಲಿ ಅನ್ನವೇ ಹೆಚ್ಚಿದ್ದು ಪ್ರೋಟೀನ್ ಸಾಲದಿರಬಹುದು. ಹಿಂಡಿ, ಖನಿಜ ಮಿಶ್ರಣ ಬೆರೆಸಿ, ಎಲ್ಲವೂ ಒಟ್ಟಿಗೆ ನಿಂತು ತಿನ್ನುವಷ್ಟು ಉದ್ದದ ತೊಟ್ಟಿ ಇಡಿ. ಹೋಟೆಲ್ ಮುಸುರೆಯಲ್ಲಿ ಉಪ್ಪು ಜಾಸ್ತಿಯಿರುವುದರಿಂದ ಕುಡಿಯುವ ನೀರು ತಪ್ಪಿದರೆ ಪ್ರಾಣಕ್ಕೇ ಅಪಾಯ. ಆಫ್ರಿಕನ್ ಹಂದಿ ಜ್ವರದ ಕಾಲವಿದು, ಕುದಿಸದೆ ಹಾಕುವುದಂತೂ ಬೇಡವೇ ಬೇಡ.

ಬೆಳಿಗ್ಗೆ ಮೇವು ಹಾಕುವಾಗ ಬಾಲಗಳನ್ನು ಗಮನಿಸುವುದು ಅಭ್ಯಾಸವಾಗಲಿ. ನೆಮ್ಮದಿಯ ಹಂದಿಯ ಬಾಲ ಸುರುಳಿಯಾಗಿರುತ್ತದೆ. ಹಲವು ಹಂದಿಗಳು ಬಾಲ ಇಳಿಬಿಟ್ಟು ತೊಡೆಯ ಸಂದಿಗೆ ಒತ್ತಿಕೊಂಡಿದ್ದರೆ ಗಾಯ ಕಾಣುವ ಮುನ್ನವೇ ಕಚ್ಚಾಟ ಹತ್ತಿರವಿದೆಯೆಂದು ತಿಳಿಯಿರಿ.

ಈಗ ಕಚ್ಚುತ್ತಿರುವ ಹಂದಿಯನ್ನು ಪತ್ತೆಹಚ್ಚಿ ಇಂದೇ ಬೇರೆ ಮಾಡಿ. ಬಹಳ ಸಲ ಅದು ಗುಂಪಿನ ದಾಂಡಿಗನಾಗಿರದೆ ಮೇವಿಗೆ ಹೋರಾಡಿ ಸೋತ ಸಣಕಲು ಹಂದಿಯಾಗಿರುತ್ತದೆ. ಗಾಯವಾದವನ್ನೂ ಪ್ರತ್ಯೇಕಿಸಿ ಪಶುವೈದ್ಯರಿಗೆ ತೋರಿಸಿ, ಏಕೆಂದರೆ ಸೋಂಕು ಬೆನ್ನುಹುರಿಗೆ ಏರಿದರೆ ಹಿಂಗಾಲುಗಳು ಸೋಲುತ್ತವೆ, ಕೀವು ಶ್ವಾಸಕೋಶಕ್ಕೂ ಹರಡಬಹುದು. ಗಾಯ ಪೂರ್ತಿ ಮಾಯುವವರೆಗೆ ಅವನ್ನು ಹಳೆಯ ಗುಂಪಿಗೆ ಬಿಡಬೇಡಿ.