ಗುರ್ಜಿ ಆಡಿದ ಮೂರನೇ ದಿನ

ಇಂಡಿ ತಾಲೂಕಿನ ಲೇಖಕರಿಗೆ ನಮಸ್ಕಾರ.

ಮಳೆಗಾಗಿ ಮೊರೆಯಿಡುವ ಪದ್ಧತಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಹದವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಅದರ ಎರಡು ವಾಕ್ಯಗಳು ನನ್ನ ತಲೆ ಬಿಟ್ಟು ಹೋಗುತ್ತಿಲ್ಲ. ಉಳಿದದ್ದನ್ನು ಬದಿಗಿಟ್ಟು ಅವನ್ನಷ್ಟೇ ಹಿಡಿಯುತ್ತೇನೆ.

ಮೊದಲನೆಯದು: ‘ಆಷಾಢದಲ್ಲಿ ಊರವರು ಗುರ್ಜಿ ಆಡಿದರು, ಮೂರನೇ ದಿನ ಮಳೆ ಬಂತು.’

‘ಗುರ್ಜಿ ಆಡಿದರು’ ಎಂದು ಎರಡೇ ಶಬ್ದದಲ್ಲಿ ದಾಟಿಬಿಟ್ಟಿದ್ದೀರಿ. ಮಗುಚಿದ ರೊಟ್ಟಿ ಹಂಚು, ಅದರ ಮೇಲೆ ಸಗಣಿಯಲ್ಲಿ ಮಾಡಿದ ಮೂರ್ತಿ, ಅದೇ ಗುರ್ಜಿ, ಅದಕ್ಕೆ ಚುಚ್ಚಿದ ಗರಿಕೆ. ಅದನ್ನು ಹೊತ್ತು ಮನೆಮನೆಗೆ ಹೋಗುವ ಹುಡುಗನ ತಲೆಯ ಮೇಲೆ ಮನೆಯವರು ಕೊಡ ಬಗ್ಗಿಸಿದಾಗ ಅವನು ಗರಗರ ತಿರುಗುತ್ತಾನೆ, ನೀರು ಸುತ್ತಲಿನವರ ಮೈಮೇಲೆ ಸಿಡಿಯುತ್ತದೆ. ಕೊಡುವ ಜೋಳದ ಹಿಟ್ಟು ಕೂಡಿಬಿದ್ದು ಊಟವಾಗುತ್ತದೆ. ಇದನ್ನು ಕಾಣದ ಓದುಗನಿಗೆ ನಿಮ್ಮ ವಾಕ್ಯ ಏನನ್ನೂ ತೋರಿಸುವುದಿಲ್ಲ.

ಇನ್ನು ‘ಮಳೆ ಬಂತು’. ಎಷ್ಟು ಬಂತು? ನಾನು ಡೆಸ್ಕಿನಲ್ಲಿ ಕೆಲಸ ಕಲಿಯುವಾಗ ಹಿರಿಯ ಉಪಸಂಪಾದಕರು ‘ಉತ್ತಮ ಮಳೆ’ ಎಂಬ ಮಾತಿಗೆ ಕೆಂಪು ಗೆರೆ ಎಳೆದು ಮೂರು ಪ್ರಶ್ನೆ ಬರೆಯುತ್ತಿದ್ದರು: ಎಷ್ಟು ಮಿಲಿಮೀಟರ್, ಯಾವ ಮಾಪಕದಲ್ಲಿ, ಎಷ್ಟೊತ್ತಿಗೆ ಅಳೆದದ್ದು. ಅದೇ ಮೂರು ಪ್ರಶ್ನೆ ನಿಮಗೂ. 4 ಮಿ.ಮೀ. ಬಿದ್ದರೂ ಹಂಚು ಹೊತ್ತ ಹುಡುಗರು ಕುಣಿಯುತ್ತಾರೆ, ಆದರೆ ಒಣಗಿ ಬಿರುಕು ಬಿಟ್ಟ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಅದು ಮೇಲಿನ ಎರಡು ಬೆರಳು ಮಣ್ಣನ್ನಷ್ಟೇ ತೋಯಿಸುತ್ತದೆ, ಮರುದಿನದ ಗಾಳಿಗೆ ಅದೂ ಆರುತ್ತದೆ. 40 ಮಿ.ಮೀ. ಬಿದ್ದರೆ ಮಾತೇ ಬೇರೆ. ಹವಾಮಾನ ಇಲಾಖೆ 24 ಗಂಟೆಯಲ್ಲಿ ಕನಿಷ್ಠ 2.5 ಮಿ.ಮೀ. ಬಿದ್ದರೆ ಮಾತ್ರ ಅದನ್ನು ಮಳೆದಿನ ಎನ್ನುತ್ತದೆ.

ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ಅಲ್ಲಿಯ ಅಂಕಿ ಪಡೆಯಿರಿ. ಜೊತೆಗೆ ನೀವೂ ಅಳೆಯಬಹುದು. ಬಾಯಿಯ ಅಗಲ 16 ಸೆಂ.ಮೀ. ಇರುವ ಸ್ಟೀಲ್ ಡಬ್ಬಿಯನ್ನು ಬಯಲಲ್ಲಿ, ಗಿಡ-ಗೋಡೆಗಳಿಂದ ದೂರ, ಬಾಯಿ ನೆಲದಿಂದ ಒಂದು ಅಡಿ ಮೇಲಿರುವಂತೆ ಅಲುಗಾಡದೆ ನಿಲ್ಲಿಸಿ. ದಿನಾ ಬೆಳಿಗ್ಗೆ 8:30ಕ್ಕೆ ಅದರ ನೀರನ್ನು ಔಷಧಿ ಬಾಟಲಿಯ ಅಳತೆ ಮುಚ್ಚಳದಲ್ಲಿ ಅಳೆಯಿರಿ. 20 ಮಿ.ಲೀ. ನೀರಾದರೆ 1 ಮಿ.ಮೀ. ಮಳೆ. ಮಾಳಿಗೆಯ ಅಂಚಿನಲ್ಲಿಟ್ಟರೆ ಗಾಳಿ ಹನಿಗಳನ್ನು ಹಾರಿಸಿ ಲೆಕ್ಕ ಕಡಿಮೆ ಮಾಡುತ್ತದೆ. ಇನ್ನೊಂದು ಮೋಸವಿದೆ: ಎರಡನೇ ದಿನ ಸಂಜೆ ಬಿದ್ದ ಮಳೆಯನ್ನು ಅಳೆಯುವುದು ಮರುದಿನ ಬೆಳಿಗ್ಗೆ, ಹಾಗಾಗಿ ಪಟ್ಟಿಯಲ್ಲಿ ಅದು ಮೂರನೇ ದಿನದ ಮಳೆಯಾಗುತ್ತದೆ.

‘ಮೂರನೇ ದಿನ’ ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು. ಮೂರು ಎಂದು ಮೊದಲೇ ಗೊತ್ತು ಮಾಡಿದ್ದರೇ? ಒಂಬತ್ತನೇ ದಿನ ಬಂದಿದ್ದರೆ ಒಂಬತ್ತು ಎಂದು ಬರೆಯುತ್ತಿದ್ದಿರಿ. ನಮ್ಮ ಕಡೆ ಗುರ್ಜಿ ಆಡಿ ಮಳೆಯಾಗದಿದ್ದರೆ ಭಜನೆ ಸಪ್ತಾಹ ಕೂಡಿಸುತ್ತಾರೆ. ಅದಕ್ಕೂ ಮೋಡ ಕರಗದಿದ್ದರೆ ಕತ್ತೆಗಳ ಮದುವೆ, ಮತ್ತೆ ಗುರ್ಜಿ. ಮಳೆ ಬಿದ್ದ ಮರುದಿನ ಯಾರೂ ಗುರ್ಜಿ ಹೊರುವುದಿಲ್ಲ. ಹಾಗಾಗಿ ಕೊನೆಯ ಮೊರೆಯ ಬೆನ್ನಿಗೆ ಮಳೆ ಇದ್ದೇ ಇರುತ್ತದೆ, ಅದರ ಹಿಂದಿನ ಮೊರೆಗಳನ್ನು ಯಾರೂ ಬರೆದಿಡುವುದಿಲ್ಲ. ನಿಮ್ಮ ಲೇಖನದಲ್ಲಿ ಬೇಕಾಗಿದ್ದದ್ದು ಅವುಗಳ ಪಟ್ಟಿ.

2019 ನೆನಪು ಮಾಡಿಕೊಳ್ಳಿ. ಜೂನ್‌ನಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಸರ್ಕಾರವೇ ಪರ್ಜನ್ಯ ಹೋಮ ಮಾಡಿಸಿತು. ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳು ಮುಳುಗಿದವು. ಆ ಮಳೆಯನ್ನು ಆ ಹೋಮದ ಲೆಕ್ಕಕ್ಕೆ ಹಾಕಬೇಕೇ? ಹಾಕುವುದಾದರೆ ಗಡುವು 60 ದಿನವಾಯಿತು. ಮುಂಗಾರಿನಲ್ಲಿ 60 ದಿನ ಕಾದರೆ ಯಾವ ಊರಿಗೂ ಒಂದು ಮಳೆಯಾದರೂ ಬಂದೀತು.

ಎರಡನೇ ವಾಕ್ಯ: ‘ಇದನ್ನು ಕಾಕತಾಳೀಯ ಎನ್ನುವವರಿಗೆ ನಂಬಿಕೆಯ ಬೆಲೆ ಗೊತ್ತಿಲ್ಲ.’

ಬೈಯುವ ಮೊದಲು ಆ ಶಬ್ದವನ್ನೇ ನೋಡಬೇಕಿತ್ತು. ಕಾಗೆ ಕೂತಿತು, ತಾಳೆಹಣ್ಣು ಬಿತ್ತು, ಒಂದಕ್ಕೊಂದು ಸಂಬಂಧವಿಲ್ಲ. ಗುರ್ಜಿ ಹಾಗಲ್ಲ. ಅದನ್ನು ಜನವರಿಯಲ್ಲಿ ಯಾರೂ ಆಡುವುದಿಲ್ಲ. ಮುಂಗಾರು ಬಂದು ಮಧ್ಯದಲ್ಲಿ ಕೈಕೊಟ್ಟಾಗ ಆಡುತ್ತಾರೆ, ಅಂದರೆ ಮಳೆ ಬರಬೇಕಾದ ಕಾಲದಲ್ಲೇ. ನಿಮ್ಮ ವಿಜಯಪುರ ಜಿಲ್ಲೆಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ, ಪುಬ್ಬಾ-ಉತ್ತರಿ ಮಳೆಗಳ ಹೊತ್ತಿಗೆ. ಆಷಾಢ-ಶ್ರಾವಣದ ಮೊರೆ ಅದರತ್ತಲೇ ಸಾಗುತ್ತಿರುತ್ತದೆ. ಮೊರೆಗೂ ಮಳೆಗೂ ಋತುವೇ ನಂಟು. ಆದ್ದರಿಂದ ‘ಬರೀ ಕಾಕತಾಳೀಯ’ ಎನ್ನುವವರೂ ಅರ್ಧ ತಪ್ಪು, ‘ಫಲಿಸಿತು’ ಎನ್ನುವ ನಿಮ್ಮ ಬಳಿಯೂ ಪುರಾವೆಯಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಗುರ್ಜಿ ಆಡಿದ ತಿಂಗಳಲ್ಲಿ ಆರು ದಿನಕ್ಕೊಂದು ಮಳೆದಿನ ಎಂದಿಟ್ಟುಕೊಳ್ಳಿ. ಒಂದು ದಿನ ಮಳೆ ತಪ್ಪುವ ಸಾಧ್ಯತೆ ಆರರಲ್ಲಿ ಐದು. ಹತ್ತು ದಿನವೂ ತಪ್ಪಬೇಕಾದರೆ ಆ ಭಾಗವನ್ನು ಹತ್ತು ಸಲ ಗುಣಿಸಬೇಕು, ನೂರಕ್ಕೆ 16 ಸಿಗುತ್ತದೆ. ಉಳಿದ 84 ಸಲ ಗುರ್ಜಿ ಆಡಿದರೂ ಆಡದಿದ್ದರೂ ಹತ್ತು ದಿನದೊಳಗೆ ಮಳೆ. ನಿಜದಲ್ಲಿ ಮಳೆ ಇಷ್ಟು ಸರಿಯಾಗಿ ಹಂಚಿಕೊಂಡು ಬರುವುದಿಲ್ಲ, ಗುಂಪುಗುಂಪಾಗಿ ಬರುತ್ತದೆ. ಹಿಂಜರಿದಾಗ ಎರಡು ವಾರ ಹನಿಯಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಈ ಕಡೆ ಸರಿದರೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಒಟ್ಟಿಗೇ ತೋಯಬಹುದು. ಆದ್ದರಿಂದ ಅದೇ ವಾರ ಗುರ್ಜಿ ಆಡದ ಪಕ್ಕದ ಊರುಗಳಲ್ಲಿ ಎಷ್ಟು ಬಿತ್ತು ಎಂದು ಹೇಳದ ಹೊರತು ನಿಮ್ಮ ಊರಿನ ಮಳೆ ಏನನ್ನೂ ಸಾಬೀತು ಮಾಡುವುದಿಲ್ಲ.

ಲೇಖನ ತಿರಸ್ಕರಿಸಿಲ್ಲ. ಗುರ್ಜಿ ಆಡಿದ ತಾರೀಖು, ಅದಕ್ಕೂ ಮುಂಚಿನ ಮೊರೆಗಳ ತಾರೀಖು, ನಿಮ್ಮ ಪಂಚಾಯಿತಿಯದ್ದೂ ಗುರ್ಜಿ ಆಡದ ನಾಲ್ಕು ಪಂಚಾಯಿತಿಗಳದ್ದೂ ಮುಂದಿನ ಹದಿನೈದು ದಿನದ ಮಳೆ ಅಂಕಿ, ಇಷ್ಟು ಸೇರಿಸಿ ಮತ್ತೆ ಕಳಿಸಿ. ಆಡಿಯೂ ಮಳೆಯಾಗದ ವರ್ಷಗಳನ್ನು ಹಿಟ್ಟು ಕೊಟ್ಟ ಅಜ್ಜಿಯರ ಹತ್ತಿರ ಕೇಳಿ. ಯಾವ ವರ್ಷ ಬಿತ್ತಿದ ಬೀಜ ಸುಟ್ಟುಹೋಯಿತು ಎಂಬುದು ಅವರಿಗೆ ನೆನಪಿರುತ್ತದೆ.