ಡೊಮೈನ್ ಹೆಸರು ಯಾವುದಾದರೂ ಇರಲಿ, ಅದರ ಖಾತೆ ಯಾರ ಕೈಯಲ್ಲಿರುತ್ತದೆ?

ಹವ್ಯಾಸಕ್ಕೆ ಮೇಣದಬತ್ತಿ ಮಾಡಿ ಮಾರುವ ನಿಮಗೆ ಬೇಕಾದ ಹೆಸರಿನ ಡಾಟ್ ಕಾಮ್ ಡೊಮೈನ್, ಅಂದರೆ ಜಾಲತಾಣದ ವಿಳಾಸ, ಬೇರೆಯವರ ಪಾಲಾಗಿದೆ. ನಡುವೆ ಹೈಫನ್ ಹಾಕಲೇ, ಡಾಟ್ ಶಾಪ್‌ಗೆ ಹೋಗಲೇ, ದುಡ್ಡು ಕೊಟ್ಟು ಅವರಿಂದಲೇ ಬಿಡಿಸಿಕೊಳ್ಳಲೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಗಳನ್ನು ಹಿಡಿದುಕೊಂಡು ನಾನೂ ನಿದ್ದೆಗೆಟ್ಟವನು. ಕೊನೆಗೆ ಒಳ್ಳೆಯ ಹೆಸರೇ ಸಿಕ್ಕಿತು, ಅದೂ ಡಾಟ್ ಕಾಮ್. ಆ ಹೆಸರಿನಲ್ಲಿ ಈಗ ಯಾರೋ ಜೂಜಾಟದ ತಾಣ ನಡೆಸುತ್ತಿದ್ದಾರೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಕುತೂಹಲಕ್ಕೆ ತೆರೆದು ನೋಡುತ್ತೀರಿ, ಅವರಿಗೆ ಇನ್ನೊಬ್ಬ ಅತಿಥಿ ಸಿಕ್ಕಂತಾಗುತ್ತದೆ.

ನಾನು ಕೈಹೊಲಿಗೆಯ ನೋಟ್‌ಪುಸ್ತಕ ಮಾಡುತ್ತೇನೆ. ಹಾಳೆಗಳನ್ನು ಕಂತೆಕಂತೆಯಾಗಿ ಮಡಚಿ, ಮಡಿಕೆಯ ಮೇಲೆ ತೂತು ಕೊರೆದು, ಮೇಣ ಸವರಿದ ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಬಳಿದು, ರಾತ್ರಿಯಿಡೀ ಭಾರ ಹೇರಿ ಇಡುವ ಕೆಲಸ. ಹಿಂಬದಿಯ ರಟ್ಟಿನ ಒಳಮೈಯಲ್ಲಿ ಜಾಲತಾಣದ ವಿಳಾಸದ ಮುದ್ರೆ ಒತ್ತುತ್ತಿದ್ದೆ. ಶಾಯಿ ಆರುವ ಮೊದಲೇ ರಟ್ಟು ಮುಚ್ಚಿದರೆ ಎದುರಿನ ಹಾಳೆಯಲ್ಲಿ ವಿಳಾಸ ಕನ್ನಡಿಯ ಬಿಂಬದಂತೆ ಮೂಡಿಬಿಡುತ್ತಿತ್ತು, ಆದ್ದರಿಂದ ಪ್ರತಿ ಪುಸ್ತಕವನ್ನೂ ತೆರೆದಿಟ್ಟು ಕಾಯುತ್ತಿದ್ದೆ. ಈ ಮುದ್ರೆಯ ಮಾತು ಏಕೆ ಎತ್ತಿದೆ ಎಂದರೆ, ಜಾಲತಾಣವನ್ನು ಹಳೆಯ ವಿಳಾಸದಿಂದ ಹೊಸದಕ್ಕೆ ತಿರುಗಿಸಬಹುದು, ಹಳೆಯದು ಕೈಯಲ್ಲಿ ಇರುವವರೆಗೆ. ರಟ್ಟಿಗೆ ಒತ್ತಿ ಮಾರಿದ್ದನ್ನು ತಿರುಗಿಸಲು ಬರುವುದಿಲ್ಲ.

ನನ್ನ ಕೈ ಸುಟ್ಟದ್ದು ನೋಂದಣಿ ಖಾತೆಯ ಒಂದೇ ಒಂದು ಖಾನೆ: ಸಂಪರ್ಕದ ಇಮೇಲ್. ಇದನ್ನು ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಡೊಮೈನ್ ಕೊಂಡಾಗ ಅಲ್ಲಿ ನನ್ನ ಹಳೆಯ ಉಚಿತ ಇಮೇಲ್ ವಿಳಾಸವನ್ನೇ ಕೊಟ್ಟಿದ್ದೆ. ಹಾಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಡೊಮೈನ್ ಬಂದ ಮೇಲೆ ಅದರ ಹೆಸರಿನಲ್ಲೇ ಇಮೇಲ್ ಮಾಡಿಕೊಳ್ಳಬಹುದಲ್ಲ, ಆ ಹುರುಪಿನಲ್ಲಿ ಎಲ್ಲ ಕಡೆಯೂ ಹೊಸ ವಿಳಾಸ ತುಂಬುತ್ತ ಹೋದೆ. ಹಣ ಪಾವತಿಯ ಖಾತೆಗೆ ಅದು, ಕಾಗದ ಮಾರುವವರಿಗೆ ಅದು, ಕೊನೆಗೆ ಡೊಮೈನ್ ಮಾರಿದ ನೋಂದಣಿ ಕಂಪನಿಯಲ್ಲಿನ ನನ್ನ ಖಾತೆಗೂ ಅದೇ. ಅಂದರೆ ಡೊಮೈನ್ ಜೀವಂತ ಇರುವ ತನಕ ಮಾತ್ರ ಜೀವಂತ ಇರುವ ಇಮೇಲ್, ಅದೇ ಡೊಮೈನನ್ನು ಉಳಿಸಿಕೊಳ್ಳುವ ಖಾತೆಗೆ ಇದ್ದ ಏಕೈಕ ದಾರಿಯಾಯಿತು. ಇದು ನನಗೆ ಆಗ ಹೊಳೆಯಲೇ ಇಲ್ಲ.

ಆ ದಿನಗಳಲ್ಲಿ ಡೊಮೈನ್ ಕೊಂಡವರ ಹೆಸರು, ಇಮೇಲ್, ಫೋನ್ ಎಲ್ಲವೂ ‘ಹೂ ಈಸ್’ ದಾಖಲೆಯಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತಿದ್ದವು. 2018ರಲ್ಲಿ ಯುರೋಪಿನ ಖಾಸಗಿತನ ಕಾನೂನು ಜಾರಿಯಾದ ಮೇಲೆ ಅವು ಬಹುಮಟ್ಟಿಗೆ ಮರೆಯಾಗಿವೆ. ನನ್ನದು ಅದಕ್ಕಿಂತ ಹಿಂದಿನ ಪುರಾಣ. ವಂಚಕರು ಆ ದಾಖಲೆಯಿಂದ ವಿಳಾಸ ಹೆಕ್ಕಿಕೊಂಡು ‘ನಿಮ್ಮ ಡೊಮೈನ್ ಅವಧಿ ಮುಗಿಯುತ್ತಿದೆ, ಕೂಡಲೇ ಹಣ ಕಟ್ಟಿ’ ಎಂದು ನಕಲಿ ನೋಟಿಸುಗಳನ್ನು ಕಳಿಸುತ್ತಲೇ ಇದ್ದರು. ರೋಸಿಹೋಗಿ ಒಂದು ಫಿಲ್ಟರ್ ಹಾಕಿದೆ. ಡೊಮೈನ್ ನವೀಕರಣದ ಮಾತಿರುವ ಪತ್ರ ಬಂದರೆ ನೇರ ಕಸದ ಬುಟ್ಟಿಗೆ. ಭಾರಿ ಜಾಣತನ ಮಾಡಿದೆ ಎಂದುಕೊಂಡಿದ್ದೆ. ಹೇಗೂ ಪ್ರತಿ ವರ್ಷ ಕಾರ್ಡಿನಿಂದ ಹಣ ತಾನಾಗಿಯೇ ಕಡಿತವಾಗುವಂತೆ ವ್ಯವಸ್ಥೆ ಮಾಡಿಟ್ಟಿದ್ದೆನಲ್ಲ!

ಬ್ಯಾಂಕು ಆ ಕಾರ್ಡನ್ನು ರದ್ದು ಮಾಡಿ ಹೊಸ ಸಂಖ್ಯೆಯ ಕಾರ್ಡು ಕಳಿಸಿತು. ನವೀಕರಣದ ದಿನ ಹಣ ಕಡಿತವಾಗಲಿಲ್ಲ. ಡೊಮೈನ್ ವ್ಯವಸ್ಥೆಯ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆಯ ನಿಯಮದ ಪ್ರಕಾರ, ನೋಂದಣಿ ಕಂಪನಿ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು, ಮತ್ತೆ ಒಂದು ವಾರದ ಮೊದಲು, ಮುಗಿದ ಮೇಲೆ ಐದು ದಿನದೊಳಗೆ ಇನ್ನೊಮ್ಮೆ ಎಚ್ಚರಿಸಬೇಕು. ಕಂಪನಿಯವರು ನಿಯತ್ತಾಗಿ ಎಚ್ಚರಿಸಿರಬೇಕು, ನನ್ನ ಫಿಲ್ಟರ್ ಅಷ್ಟೇ ನಿಯತ್ತಾಗಿ ಎಲ್ಲವನ್ನೂ ಕಸಕ್ಕೆ ಹಾಕಿತು. ಬಹುಪಾಲು ಗಿರಾಕಿಗಳು ಮೊಬೈಲಿಗೇ ಸಂದೇಶ ಕಳಿಸುತ್ತಿದ್ದುದರಿಂದ ಇಮೇಲ್ ಬರುವುದು ನಿಂತದ್ದೂ ನನ್ನ ಗಮನಕ್ಕೆ ಬರಲಿಲ್ಲ.

ಗೊತ್ತಾದದ್ದು ಒಬ್ಬ ಗಿರಾಕಿ ‘ನಿಮ್ಮ ತಾಣದಲ್ಲಿ ಬರೀ ಜಾಹೀರಾತು ಇದೆಯಲ್ಲ’ ಎಂದಾಗ. ಖಾತೆಗೆ ಹೋದೆ, ಪಾಸ್‌ವರ್ಡ್ ನೆನಪಿಲ್ಲ. ‘ಮರೆತಿದ್ದೀರಾ?’ ಎಂಬುದನ್ನು ಒತ್ತಿದೆ. ಹೊಸ ಪಾಸ್‌ವರ್ಡಿನ ಕೊಂಡಿಯನ್ನು ನಿಮ್ಮ ಇಮೇಲ್‌ಗೆ ಕಳಿಸಿದ್ದೇವೆ ಎಂದಿತು. ಯಾವ ಇಮೇಲ್‌ಗೆ? ಸತ್ತ ಡೊಮೈನಿನ ಇಮೇಲ್‌ಗೆ. ಆ ಪುಟದ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಸಹಾಯವಾಣಿಯವರು ಗುರುತಿನ ಚೀಟಿ ಕೇಳಿದರು, ಕಳಿಸಿದೆ. ಅದು ಹೊಂದುತ್ತಿಲ್ಲ ಎಂದರು. ಏಕೆಂದರೆ ನೋಂದಣಿಯ ವೇಳೆ ‘ಸಂಸ್ಥೆ’ ಎಂಬ ಖಾನೆಯಲ್ಲಿ ನನ್ನ ನೋಟ್‌ಪುಸ್ತಕದ ಉದ್ಯಮದ ಹೆಸರು ಬರೆದಿದ್ದೆ. ಆ ಖಾನೆ ತುಂಬಿದ್ದರೆ ಡೊಮೈನಿನ ಹಕ್ಕುದಾರ ಆ ಸಂಸ್ಥೆಯೇ ಎಂದು ಲೆಕ್ಕ. ಕಾಗದಪತ್ರದಲ್ಲಿ ಎಲ್ಲೂ ಇಲ್ಲದ ಸಂಸ್ಥೆಗೆ ಗುರುತಿನ ಚೀಟಿ ಎಲ್ಲಿಂದ ತರುವುದು? ಹೀಗೆ ಪತ್ರ ವ್ಯವಹಾರ ನಡೆಯುತ್ತಿರುವಾಗ ಆ ಕಡೆ ಗಡುವು ಓಡುತ್ತಿತ್ತು. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಮೇಲೆ ಕಂಪನಿಯ ಮರ್ಜಿಯಂತೆ ಹೆಚ್ಚೆಂದರೆ 45 ದಿನ ಮಾಮೂಲಿ ದರದಲ್ಲಿ ನವೀಕರಿಸಬಹುದು. ಆಮೇಲೆ 30 ದಿನ ಭಾರಿ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ, ಹೆಸರು ಅಳಿಯಲು ಕಾದಿರುತ್ತದೆ. ಅಳಿದ ಕ್ಷಣದಲ್ಲೇ ಅದನ್ನು ಹಿಡಿಯಲೆಂದು ಕೆಲವು ಕಂಪನಿಗಳು ಯಂತ್ರಗಳನ್ನು ಹೂಡಿ ಕಾಯುತ್ತಿರುತ್ತವೆ. ಮನುಷ್ಯರ ಬೆರಳಿಗೆ ಆ ವೇಗ ಇಲ್ಲ.

ಹೆಸರು ಹೋದದ್ದಕ್ಕಿಂತ ಹೆಚ್ಚು ಹೆದರಿಸಿದ್ದು ಇನ್ನೊಂದು ಸಂಗತಿ. ಡೊಮೈನ್ ಕೊಂಡವರು ಬಯಸಿದರೆ ಅದರ ಯಾವ ವಿಳಾಸಕ್ಕೆ ಬಂದ ಇಮೇಲನ್ನಾದರೂ ತಾವು ಪಡೆಯಬಹುದು. ಅಂದರೆ ನನ್ನ ಪಾವತಿ ಖಾತೆಯ ಪಾಸ್‌ವರ್ಡ್ ಬದಲಿಸುವ ಪತ್ರವೂ ಅವರಿಗೇ ಹೋಗುತ್ತದೆ. ಎದ್ದೆನೋ ಬಿದ್ದೆನೋ ಎಂದು ಒಂದೊಂದೇ ಖಾತೆಯ ವಿಳಾಸ ಬದಲಿಸಿದೆ. ಅಷ್ಟರಲ್ಲಿ ಮಗಳಿಗೆ ಪುಸ್ತಕ ಕೊಡಿಸಿದ್ದ ಒಬ್ಬರಿಂದ ಸಂದೇಶ ಬಂತು: ‘ಹಿಂದಿನ ರಟ್ಟಿನಲ್ಲಿರುವ ವಿಳಾಸಕ್ಕೆ ಹೋದರೆ ಇಸ್ಪೀಟು ಎಲೆಗಳು ಕುಣಿಯುತ್ತಿವೆ. ಇದೇನು?’ ಏನು ಉತ್ತರ ಕೊಡುವುದು.

ದೂರು ಕೊಡಬಹುದಿತ್ತಲ್ಲ ಎನ್ನುತ್ತೀರಿ. ಡೊಮೈನ್ ವ್ಯಾಜ್ಯಗಳಿಗೆ 1999ರಿಂದಲೇ ಒಂದು ಅಂತರರಾಷ್ಟ್ರೀಯ ವಿಧಾನ ಇದೆ. ಆದರೆ ಅಲ್ಲಿ ಗೆಲ್ಲಲು ಆ ಹೆಸರಿನ ಮೇಲೆ ನಿಮಗೆ ಟ್ರೇಡ್‌ಮಾರ್ಕ್ ಹಕ್ಕು ಇರಬೇಕು, ಜೊತೆಗೆ ಎದುರಿನವರ ದುರುದ್ದೇಶ ಸಾಬೀತಾಗಬೇಕು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬರೇ ತೀರ್ಪುಗಾರರ ಮುಂದೆ ಒಂದು ಹೆಸರಿನ ಬಗ್ಗೆ ದೂರು ಸಲ್ಲಿಸುವುದಕ್ಕೆ 1500 ಡಾಲರ್. ನನ್ನ ಹೊಲಿಗೆಯ ಸಂಪಾದನೆ ಅದರ ಹತ್ತಿರವೂ ಸುಳಿಯುವುದಿಲ್ಲ.

ಮರೆವು ನನ್ನಂಥವರಿಗೆ ಮಾತ್ರ ಅಂಟಿದ ರೋಗವೂ ಅಲ್ಲ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಹಾಟ್‌ಮೇಲ್ ಇಮೇಲ್ ಸೇವೆಗೆ ಪ್ರವೇಶ ಕೊಡುತ್ತಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಡೊಮೈನಿನ ಶುಲ್ಕ ಕಟ್ಟದೆ ಹಾಟ್‌ಮೇಲ್ ಬಳಕೆದಾರರು ಪರದಾಡಿದಾಗ, ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಉಳಿಸಿಕೊಟ್ಟಿದ್ದ. ನಮಗೆ ಅಂಥ ಪುಣ್ಯಾತ್ಮರು ಸಿಗುವುದಿಲ್ಲ.

ಆದ್ದರಿಂದ ಹೈಫನ್ನೋ ಶಾಪೋ ಎಂಬ ಪ್ರಶ್ನೆಯನ್ನು ನಾನು ಅಷ್ಟು ದೊಡ್ಡದೆಂದು ಒಪ್ಪುವುದಿಲ್ಲ. ಮೇಣದಬತ್ತಿ ಕೊಳ್ಳುವವರು ಬತ್ತಿ ಚೆನ್ನಾಗಿ ಉರಿದರೆ ಮತ್ತೆ ಬರುತ್ತಾರೆ, ವಿಳಾಸ ಸುಂದರವಾಗಿದೆ ಎಂದು ಯಾರೂ ಬರುವುದಿಲ್ಲ. ಡೊಮೈನ್ ಖಾತೆಗೆ ಆ ಡೊಮೈನಿಗೆ ಸಂಬಂಧವೇ ಇಲ್ಲದ ಇಮೇಲ್ ಕೊಡಿ. ಹಕ್ಕುದಾರರ ಹೆಸರು ನಿಮ್ಮ ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಲಿ, ಸಂಸ್ಥೆಯ ಖಾನೆ ಖಾಲಿ ಬಿಡಿ. ಕಾರ್ಡಿನ ಮೇಲೆ ಭರವಸೆ ಇಟ್ಟು ಕೂರದೆ ಕೆಲವು ವರ್ಷಗಳಿಗೆ ಒಮ್ಮೆಲೇ ಕಟ್ಟಿಬಿಡಿ. ಡಾಟ್ ಕಾಮ್‌ಗೆ 10 ವರ್ಷದವರೆಗೂ ಅವಕಾಶ ಇದೆ. ಜಾಲತಾಣ ಮಾಡಿಕೊಡುವವರು ‘ಡೊಮೈನನ್ನೂ ನಾನೇ ಕೊಂಡುಕೊಡುತ್ತೇನೆ’ ಎಂದರೆ ನಯವಾಗಿ ಬೇಡ ಎನ್ನಿ. ಅವರು ಒಳ್ಳೆಯವರೇ ಇರಬಹುದು, ಆದರೆ ಖಾತೆ ಅವರದಾಗಿರುತ್ತದೆ.

ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಬೇಸರಿಸುತ್ತೀರಿ, ಅದನ್ನೂ ಹೇಳುತ್ತೇನೆ. ಹೈಫನ್ ಬೇಡ. ಫೋನಿನಲ್ಲಿ ವಿಳಾಸ ಹೇಳಿ ನೋಡಿ, ‘ನಡುವೆ ಅಡ್ಡಗೆರೆ, ಕೆಳಗೆ ಎಳೆಯುವುದಲ್ಲ, ನಡುವೆ’ ಎಂದು ವಿವರಿಸುವಷ್ಟರಲ್ಲಿ ಅವರು ಹೈಫನ್ ಇಲ್ಲದ ತಾಣಕ್ಕೆ ಹೋಗಿ ಅಲ್ಲೇ ಏನನ್ನಾದರೂ ಕೊಂಡಿರುತ್ತಾರೆ. ಹೆಸರಿನಲ್ಲಿ ‘ಮೇಣದಬತ್ತಿ’ ಎಂಬ ಪದ ಇದ್ದರೆ ಗೂಗಲ್ ಮೇಲಕ್ಕೆತ್ತುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರೀ ಹುಡುಕುಪದಗಳನ್ನೇ ಹೆಸರಾಗಿಸಿಕೊಂಡ ಕಳಪೆ ತಾಣಗಳಿಗಿದ್ದ ಆ ಅನುಕೂಲವನ್ನು ಗೂಗಲ್ 2012ರಲ್ಲೇ ಮೊಟಕುಗೊಳಿಸಿತು. ನಾಳೆ ಸೋಪು ಮಾಡುವ ಮನಸ್ಸಾದರೆ ಆ ಪದವೇ ಕಾಲಿಗೆ ತೊಡಕು.

ಡಾಟ್ ಶಾಪ್ ತಪ್ಪೇನಲ್ಲ, ಆದರೆ ಮೊದಲ ವರ್ಷದ ರಿಯಾಯಿತಿ ದರ ನೋಡಿ ಮರುಳಾಗಬೇಡಿ, ನವೀಕರಣದ ದರವನ್ನು ಹುಡುಕಿ ಓದಿ. ಡಾಟ್ ಕಾಮ್‌ನ ಸಗಟು ದರಕ್ಕೆ, ಅಂದರೆ ನೋಂದಣಿ ಕಂಪನಿಗಳು ತೆರುವ ದರಕ್ಕೆ, ಒಪ್ಪಂದದ ಮಿತಿ ಇದೆ. ಡಾಟ್ ಶಾಪ್‌ನಂಥ ಹೊಸ ವಿಸ್ತರಣೆಗಳಿಗೆ (ಡಾಟ್ ನಂತರದ ಬಾಲಗಳಿಗೆ) ಸಾಮಾನ್ಯವಾಗಿ ಅಂಥ ಮಿತಿ ಇಲ್ಲ, ನವೀಕರಣದ ಸಗಟು ದರ ಏರಿಸುವ ಮೊದಲು ಆರು ತಿಂಗಳ ಮುನ್ಸೂಚನೆ ಮಾತ್ರ ಕಡ್ಡಾಯ. ಎರಡಕ್ಷರದ ವಿಸ್ತರಣೆಗಳು ಚಂದ ಕಾಣುತ್ತವೆ, ಆದರೆ ಅವು ದೇಶ ಪ್ರದೇಶಗಳಿಗೆ ಸೇರಿದವು, ಅವುಗಳ ರಾಜಕೀಯ ನಿಮ್ಮ ಬತ್ತಿಯನ್ನು ಕೇಳುವುದಿಲ್ಲ. ಯುಗೊಸ್ಲಾವಿಯ ಒಡೆದು ಹೋದ ಮೇಲೆ ಅದರ ಡಾಟ್ ವೈಯು 2010ರಲ್ಲಿ ಅಳಿಸಿಹೋಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಅಲ್ಲಿನ ಸಾವಿರಾರು ಮಂದಿಯ ಡಾಟ್ ಇಯು ಹೆಸರುಗಳು 2021ರ ಜನವರಿಯಲ್ಲಿ ಸ್ತಬ್ಧವಾದವು.

ಇನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಮಾತು. ಹವ್ಯಾಸದ ಉದ್ಯಮಕ್ಕೆ ಅದು ಮೂಗಿಗಿಂತ ಮೂಗುತಿ ಭಾರ. ಮೊದಲು ಆ ವಿಳಾಸದಲ್ಲಿ ಏನಿದೆ ನೋಡಿ. ಅಲ್ಲಿಯೂ ಮೇಣದಬತ್ತಿಯೇ ಇದ್ದರೆ ಆ ಹೆಸರನ್ನು ಯಾವ ವಿಸ್ತರಣೆಯಲ್ಲೂ ಮುಟ್ಟಬೇಡಿ, ಗಿರಾಕಿಗಳ ಗೊಂದಲವೂ ಟ್ರೇಡ್‌ಮಾರ್ಕ್ ತಕರಾರೂ ಒಟ್ಟಿಗೆ ಬರುತ್ತವೆ. ‘ಮಾರಾಟಕ್ಕಿದೆ’ ಎಂಬ ಫಲಕ ಇದ್ದರೆ ಆಸೆ ಬಿಟ್ಟು ಬೇರೆ ಹೆಸರು ಯೋಚಿಸಿ. ಪುಟ ಖಾಲಿ ಇದ್ದು ಅವಧಿ ಸದ್ಯದಲ್ಲೇ ಮುಗಿಯುವಂತಿದ್ದರೆ ‘ಕಾದು ನೋಡೋಣ’ ಎನಿಸುತ್ತದೆ. ಕಾಯಬೇಡಿ. ಎಷ್ಟೋ ಕಂಪನಿಗಳು ಅವಧಿ ಮುಗಿದ ಹೆಸರನ್ನು ಅಳಿಯಲು ಬಿಡುವ ಮೊದಲೇ ಹರಾಜಿಗೆ ಹಾಕುತ್ತವೆ, ಅಲ್ಲಿ ಕೂಗುವವರಿಗೆ ಅದೇ ದಂಧೆ. ನನ್ನ ಹಳೆಯ ಹೆಸರಿನ ಅವಧಿ ಮುಗಿಯುವ ತಾರೀಕನ್ನು ನಾನೂ ಬರೆದಿಟ್ಟುಕೊಂಡು ಕಾದಿದ್ದೆ. ಜೂಜಿನವರು ಒಂದು ದಿನವೂ ತಡ ಮಾಡದೆ ನವೀಕರಿಸುತ್ತಾರೆ.