ಹೈಸ್ಕೂಲ್ ಮಕ್ಕಳಿಗೆ ಆರೋಗ್ಯಕರ ಸಂಬಂಧದ ಪಾಠವನ್ನು ನೃತ್ಯದ ಮೂಲಕ ಹೇಳಿಕೊಡುವುದು ಹೇಗೆ?

ಒಂಬತ್ತನೇ ಕ್ಲಾಸಿನಲ್ಲಿ 40 ಮಕ್ಕಳು, 40 ನಿಮಿಷದ ಪೀರಿಯಡ್, ಭಾಷಣ ಬೇಡ, ಮೈ ಮುಟ್ಟುವ ಕುಣಿತವಾದರೆ ಪೋಷಕರು ಸುಮ್ಮನಿರಲ್ಲ ಅಂತ ಬರೆದಿದ್ದೀರಿ. ಮುಟ್ಟದೆಯೇ ಮಾಡಬಹುದು. ಅದಕ್ಕೆ ನನ್ನ ಆಯ್ಕೆ ಕೋಲಾಟ. ಅದರಲ್ಲಿ ಕೋಲಿಗೆ ಕೋಲು ತಾಗುತ್ತೆ, ಕೈಗೆ ಕೈ ಅಲ್ಲ.

ಸಿನಿಮಾ ಹಾಡು ಮಾತ್ರ ಹಾಕಬೇಡಿ. ಹಾಡು ಶುರುವಾದ ಕೂಡಲೇ ಮಕ್ಕಳು ಹೀರೋ-ಹೀರೋಯಿನ್ ಆಗಿಬಿಡ್ತಾರೆ, ಹಿಂದಿನಿಂದ ಕಿಸಿಕಿಸಿ ನಗು ಏಳುತ್ತೆ. ತಮಟೆಯೋ ಚಪ್ಪಾಳೆಯೋ, ಎಂಟರ ಎಣಿಕೆಯ ತಾಳ ಸಾಕು. 20 ಮಕ್ಕಳು ಆಡಲಿ, ಉಳಿದ 20 ಜನ ಒಬ್ಬೊಬ್ಬರು ಒಂದೊಂದು ಮುಖ ಗಮನಿಸಲಿ, ಆಮೇಲೆ ಅದಲುಬದಲು. ಮೂರು ಪೀರಿಯಡ್ ಇಟ್ಟುಕೊಳ್ಳಿ, ಪ್ರತಿಯೊಂದರಲ್ಲೂ ಕೊನೆಯ 10 ನಿಮಿಷ ಮಾತುಕತೆಗೆ. ಜೋಡಿ ನೀವು ಮಾಡಬೇಡಿ. ಹುಡುಗಿಯರು ಹುಡುಗಿಯರ ಜೊತೆಗೇ ನಿಂತರೂ ಪಾಠಕ್ಕೇನೂ ಕೊರತೆಯಿಲ್ಲ. ಗೆಳೆತನದಲ್ಲೂ ದಬ್ಬಾಳಿಕೆ ಇರುತ್ತಲ್ಲ.

ಮೊದಲ ದಿನ ದೂರದ ಆಟ. ಎರಡು ಸಾಲು, ನಡುವೆ 15 ಅಡಿ. ಒಂದು ಸಾಲಿನವರು ತಾಳಕ್ಕೊಂದು ಹೆಜ್ಜೆಯಂತೆ ಎದುರಿನವರ ಕಡೆ ನಡೆಯಬೇಕು. ಎದುರಿನವರು ‘ಸಾಕು’ ಅಂದ ಕ್ಷಣ ನಿಲ್ಲಬೇಕು. ಎರಡನೇ ಸುತ್ತಿಗೆ ಮಾತಿಲ್ಲ, ಅಂಗೈ ತೋರಿಸಬೇಕು. ಮೂರನೆಯದಕ್ಕೆ ಕೈಯೂ ಇಲ್ಲ, ಮುಖ, ಭುಜ ನೋಡಿಯೇ ನಡೆಯುವವರು ಗ್ರಹಿಸಬೇಕು. ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ: ಗೆಳೆಯನಿಗೆ ಸಾಕು ಅಂದರೆ ಬೇಜಾರಾಗುತ್ತೆ ಅಂತ ಯಾರೂ ನಿಲ್ಲಿಸೋದೇ ಇಲ್ಲ, ಮೂಗಿಗೆ ಮೂಗು ತಾಗುವವರೆಗೂ ಬಂದುಬಿಡ್ತಾರೆ. ಅದಕ್ಕೇ ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ‘ಸಾಕು’ ಅನ್ನಲೇಬೇಕು ಅಂತ ನಿಯಮ ಮಾಡಿ. ಯಾಕೆ ಅಂತ ಕೇಳುವ ಹಾಗಿಲ್ಲ.

ಎರಡನೇ ದಿನ ಕನ್ನಡಿಯಾಟ. ಒಬ್ಬರ ಚಲನೆಯನ್ನು ಎದುರಿನವರು ಕನ್ನಡಿಯಂತೆ ಅನುಸರಿಸಬೇಕು, ಎರಡು ನಿಮಿಷಕ್ಕೆ ಪಾತ್ರ ಬದಲು. ಮುಂದಾಳು ಬೇಕಂತಲೇ ವೇಗ ಹೆಚ್ಚಿಸಿ ಎದುರಿನವರನ್ನು ಸೋಲಿಸಲು ನೋಡ್ತಾನೆ. ಬೈಯಬೇಡಿ, ‘ಅವಳ ಮುಖ ನೋಡಿದೆಯಾ?’ ಅಂತಷ್ಟೇ ಕೇಳಿ. ಬಟ್ಟೆ, ಫೋನ್ ಪಾಸ್‌ವರ್ಡ್, ಯಾರ ಹತ್ತಿರ ಮಾತಾಡಬೇಕು ಅನ್ನೋದನ್ನೆಲ್ಲ ಒಬ್ಬರೇ ತೀರ್ಮಾನಿಸುವ ವಿಷಯಕ್ಕೆ ಇಲ್ಲಿಂದ ಸಲೀಸಾಗಿ ಹೋಗಬಹುದು.

ಮೂರನೇ ದಿನ ಕೋಲಾಟ. ಸುಮಾರು ಒಂದೂಕಾಲು ಅಡಿಯ 40 ಕೋಲು ಬೇಕು, ತುದಿಗಳನ್ನು ಉಜ್ಜಿ ನುಣುಪು ಮಾಡಿರಿ. ಒಂದಕ್ಕೆ ತನ್ನ ಕೋಲು ತನ್ನದಕ್ಕೆ, ಎರಡಕ್ಕೆ ಬಲಗೋಲು ಎದುರಿನವರ ಬಲಗೋಲಿಗೆ, ಮೂರಕ್ಕೆ ಮತ್ತೆ ತನ್ನದಕ್ಕೆ, ನಾಲ್ಕಕ್ಕೆ ಎಡಗೋಲು ಎಡಗೋಲಿಗೆ. ಇದನ್ನೇ ಎರಡು ಸಲ ಆಡಿದರೆ ಎಂಟು. ಇಷ್ಟು ಕೈಗೆ ಹತ್ತಿದ ಮೇಲೆ ಕರೆಯುವ ನಿಯಮ ಸೇರಿಸಿ: ಕೋಲು ಅಡ್ಡ ಹಿಡಿದರೆ ‘ಆಡೋಣವಾ?’, ತಟ್ಟಿದರೆ ಹೂಂ, ಎರಡೂ ಕೋಲು ಕೆಳಗಿಳಿಸಿದರೆ ಬೇಡ. ಆಟದ ಮಧ್ಯೆ ಕೋಲು ಇಳಿಸಿದರೂ ಬೇಡ ಅಂತಲೇ ಅರ್ಥ, ಮೊದಲು ಹೂಂ ಅಂದಿದ್ದರೂ. ಬೇಡ ಅನಿಸಿಕೊಂಡವರು ಮುಂದಿನ ಎಂಟರೊಳಗೆ ಬೇರೆಯವರ ಹತ್ತಿರ ಹೋಗಬೇಕು, ಮುನಿಸು ಇಲ್ಲ, ಮರುಪ್ರಶ್ನೆ ಇಲ್ಲ. ಒಬ್ಬರನ್ನೇ ಎಲ್ಲರೂ ನಿರಾಕರಿಸುವ ಅಪಾಯ ಇಲ್ಲಿದೆ. ಹಾಗಾಗಿ ಇಬ್ಬರಿಂದ ಬೇಡ ಅನಿಸಿಕೊಂಡವರು ನೇರ ತಮಟೆಯ ಹತ್ತಿರ ಬಂದು ತಾಳ ಹಿಡಿಯಲಿ.

ಮಾತುಕತೆಯಲ್ಲಿ ಆಟದ ಬಗ್ಗೆ ಮಾತ್ರ ಕೇಳಿ. ‘ನಿನಗೆ ಹೀಗೆ ಆಗಿದೆಯಾ?’ ಅಂತ ತರಗತಿಯಲ್ಲಿ ಕೇಳಲೇಬೇಡಿ. ಕೋಲ್ಕತ್ತಾ ಸಂವೇದ್ ಸಂಸ್ಥೆ 2004ರಿಂದ ದೌರ್ಜನ್ಯಕ್ಕೊಳಗಾದವರೊಂದಿಗೆ ನೃತ್ಯ ಚಿಕಿತ್ಸೆಯ ಕೆಲಸ ಮಾಡುತ್ತಿದೆ, ಅದು ತರಬೇತಿ ಬೇಡುವ ಕೆಲಸ. ನಮ್ಮದು ತರಗತಿಯ ಚಟುವಟಿಕೆ ಅಷ್ಟೇ. ಆದರೂ ಯಾರಾದರೂ ಮಗು ಬಂದು ಹೇಳಿಕೊಳ್ಳಬಹುದು. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಅನ್ನು ಬೋರ್ಡ್ ಮೇಲೆ ಬರೆದಿಡಿ. ಇನ್ನೊಂದು ವಿಷಯ ನೇರವಾಗಿ ಹೇಳಿ: 18 ತುಂಬದವರ ಲೈಂಗಿಕ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ, ಆಟದ ‘ಹೂಂ’ ಅದನ್ನು ಬದಲಿಸಲ್ಲ.

ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನು ಮೊದಲ ದಿನವೇ ನೋಡಲು ಕರೆಯಿರಿ, ಅರ್ಧ ಆಕ್ಷೇಪ ಅಲ್ಲೇ ಕರಗುತ್ತೆ. ಆದರೆ ಚೆನ್ನಾಗಿದೆ, ಸ್ಕೂಲ್ ಡೇಗೆ ಇಡೋಣ ಅಂದರೆ ಒಪ್ಪಬೇಡಿ. ವೇದಿಕೆಗೆ ತಯಾರಾದ ಕುಣಿತದಲ್ಲಿ ಯಾರೂ ಮಧ್ಯೆ ಕೋಲು ಇಳಿಸುವ ಹಾಗಿಲ್ಲ.